ಜ್ವರವೇ ಬಾರದ ಪ್ರೊಸೆಸರ್

ಪ್ರೊಸೆಸರ್‌ನ ತಾಪಮಾನವನ್ನು ಪರದೆಯ ಮೂಲೆಯಲ್ಲಿ ತೋರಿಸುತ್ತಿರುವ ಸ್ಕ್ರಿಪ್ಟೊಂದಕ್ಕೆ ಐದು ಸಾಲು ಧಾರಾಳವಾಯಿತೆಂದು ನಾನು ತಿಳಿದಿದ್ದೆ. ಲಿನಕ್ಸ್‌ನಲ್ಲಿ ಇಂಥ ವಿವರಗಳೆಲ್ಲ ಕಡತಗಳಾಗಿಯೇ ಸಿಗುವುದರಿಂದ, ‘ಥರ್ಮಲ್ ಝೋನ್ 0’ ಎಂಬಲ್ಲಿನ ‘ಟೆಂಪ್’ ಕಡತವನ್ನು ಓದಿಸಿದೆ. ಬಂದ ಉತ್ತರ 27800. ಸೂರ್ಯನ ಮೇಲ್ಮೈಯೇ ಸುಮಾರು 5500 ಡಿಗ್ರಿ ಇರುವಾಗ, ಅದರ ಐದು ಪಟ್ಟು ಕಾದ ನನ್ನ ಲ್ಯಾಪ್‌ಟಾಪು ಏನೂ ಆಗದಂತೆ ಮೇಜಿನ ಮೇಲೆ ಕುಳಿತಿತ್ತು! ಅಂಕಿಯು ಮಿಲಿಡಿಗ್ರಿಯಲ್ಲಿರುತ್ತದೆ, ಸಾವಿರದಿಂದ ಭಾಗಿಸಬೇಕು ಎಂಬುದು ಆಮೇಲೆ ತಿಳಿಯಿತು.

ಭಾಗಿಸಿದರೆ 27.8. ವಿಡಿಯೊ ಎನ್‌ಕೋಡಿಂಗ್‌ಗೆ ಹಚ್ಚಿದಾಗ ಫ್ಯಾನು ಬೊಬ್ಬೆ ಹೊಡೆದು, ಕೀಲಿಮಣೆಯ ಮೇಲೆ ಬೆರಳಿಡಲಾಗದಂತಾದರೂ ಅದೇ 27.8. ಯಂತ್ರದ ಈ ಸ್ಥಿತಪ್ರಜ್ಞತೆಯನ್ನು ಸಹೋದ್ಯೋಗಿಯ ಮುಂದೆ ಹೊಗಳಿದಾಗ, ಅವರು ಅಂಗೈಯನ್ನು ಅದರ ಮೇಲಿಟ್ಟು ತಟ್ಟನೆ ಹಿಂತೆಗೆದುಕೊಂಡು, “ಥರ್ಮಾಮೀಟರನ್ನು ರೋಗಿಯ ಬಾಯಿಗಿಟ್ಟಿದ್ದೀರೋ, ಗೋಡೆಗೋ?” ಎಂದರು.

ಇಟ್ಟಿದ್ದು ಗೋಡೆಗೇ. ಪಕ್ಕದ ‘ಟೈಪ್’ ಕಡತವನ್ನು ತೆರೆದು ನೋಡಿದ್ದರೆ, ಆ ಝೋನ್ ಪ್ರೊಸೆಸರ್‌ನದಲ್ಲ, ಎಸಿಪಿಐ ಫರ್ಮ್‌ವೇರ್ (ಯಂತ್ರದೊಳಗೇ ತಯಾರಕರು ತುಂಬಿಟ್ಟಿರುವ ತಂತ್ರಾಂಶ) ಒಪ್ಪಿಸುವ ಅಂಕಿಯದು ಎಂದು ಮೊದಲೇ ತಿಳಿಯುತ್ತಿತ್ತು. ಎಷ್ಟೋ ಯಂತ್ರಗಳಲ್ಲಿ ಅದು ಕದಲುವುದೇ ಇಲ್ಲ. ನನಗೆ ಬೇಕಾದದ್ದು ‘ಕೋರ್‌ಟೆಂಪ್’ ಡ್ರೈವರ್, ಅಂದರೆ ಪ್ರೊಸೆಸರ್‌ನ ಸಂವೇದಕವನ್ನು ಓದುವ ತಂತ್ರಾಂಶ, ಕೊಡುವ ಅಂಕಿ. ಇದರ ಸ್ವಾರಸ್ಯವೇ ಬೇರೆ: ಇಂಟೆಲ್ ಪ್ರೊಸೆಸರ್‌ನೊಳಗಿನ ಸಂವೇದಕವು ತಾಪವೆಷ್ಟೆಂದು ಹೇಳುವುದಿಲ್ಲ, ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿಯಿದೆ ಎಂದಷ್ಟೇ ಹೇಳುತ್ತದೆ, ಮಿತಿಯಿಂದ ಅದನ್ನು ಕಳೆದು ನಮಗೆ ಒಪ್ಪಿಸುವ ಲೆಕ್ಕ ಡ್ರೈವರ್‌ನದು.

ಆ ಅಂಕಿ, ಸಂವೇದಕಗಳಿಗೆ ಲಿನಕ್ಸ್ ಸಂಖ್ಯೆ ಹಚ್ಚಿಟ್ಟ ಕಡತಕೋಶಗಳಲ್ಲಿ ‘ಎಚ್‌ಡಬ್ಲ್ಯುಮಾನ್4’ ಎಂಬಲ್ಲಿ ಸಿಕ್ಕಿತು. ವಿಳಾಸವನ್ನು ಸ್ಕ್ರಿಪ್ಟಿನಲ್ಲಿ ಬರೆದು ನಿಶ್ಚಿಂತನಾದೆ. ಮರುದಿನ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ, ಎಂಥ ಕೆಲಸ ಹೇರಿದರೂ ತಾಪ 41ರ ಆಸುಪಾಸಿನಲ್ಲೇ ಸುಳಿದಾಡತೊಡಗಿತು. ಬೂಟ್ ಆದಾಗಲೆಲ್ಲ ಈ ಸಂಖ್ಯೆಗಳು ಅದಲುಬದಲಾಗಬಹುದಂತೆ. ನಾಲ್ಕನೆಯ ಸಂಖ್ಯೆ ಈಗ ಕಡತಗಳನ್ನು ಕಾಪಿಡುವ ಎಸ್‌ಎಸ್‌ಡಿಯ ಪಾಲಾಗಿತ್ತು; ನಾನು ಅರ್ಧ ದಿನ ಅದರ ಆರೋಗ್ಯ ವಿಚಾರಿಸುತ್ತಿದ್ದೆ. ಕೊನೆಗೆ ಸಂಖ್ಯೆಯ ಗೊಡವೆ ಬಿಟ್ಟು, ‘ನೇಮ್’ ಕಡತದಲ್ಲಿ ‘ಕೋರ್‌ಟೆಂಪ್’ ಎಂದಿರುವುದನ್ನು ಹುಡುಕುವಂತೆ ಬರೆದೆ.

ಅಂಕಿ ಕೊನೆಗೂ ಕುಣಿಯತೊಡಗಿದಾಗ ಉತ್ಸಾಹ ತಡೆಯದೆ ಸೆಕೆಂಡಿಗೆ ಹತ್ತು ಬಾರಿ ಓದಿಸಿದೆ. ಸುಮ್ಮನಿದ್ದ ಯಂತ್ರವೂ ಬಿಸಿಯಾಗತೊಡಗಿತು. ಪ್ರತಿ ಓದಿಗೂ ನಾಲ್ಕಾರು ಪ್ರೋಗ್ರಾಮ್‌ಗಳನ್ನು ಎಬ್ಬಿಸಿ ಮಲಗಿಸುತ್ತಿದ್ದ ನನ್ನ ಸ್ಕ್ರಿಪ್ಟೇ ಅದನ್ನು ಕಾಯಿಸುತ್ತಿತ್ತು. ಈಗ ಐದು ಸೆಕೆಂಡಿಗೊಮ್ಮೆ ಓದುತ್ತದೆ. ಪರದೆಯ ಮೇಲೆ 46 ಕಂಡಾಗಲೂ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಕೀಲಿಮಣೆಯ ಮೇಲೊಮ್ಮೆ ಅಂಗೈಯಿಟ್ಟು ನೋಡುತ್ತೇನೆ.