ಬಾಗಿಲು ತಟ್ಟುವ ರಾತ್ರಿ

2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿತ್ತು. ನಾವಿರುವ ಐರ್ಲೆಂಡಿನಲ್ಲಿ ಅದೇ ದಿನ ಹ್ಯಾಲೋವೀನ್, ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಯ ಬಾಗಿಲು ತಟ್ಟಿ ಸಿಹಿ ಕೇಳುವ ಹಬ್ಬ. ಬೆಳಿಗ್ಗೆ ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿದೆವು. ಸಂಜೆ ಅದೇ ಮುಖಕ್ಕೆ ಬಿಳಿ ಬಣ್ಣ ಬಳಿದು ಎಲುಬುಗೂಡಿನ ವೇಷ ಹಾಕಿದೆವು. ಎರಡೂ ಫೋಟೋ ಮನೆಯವರ ವಾಟ್ಸಾಪ್ ಗ್ರೂಪಿಗೆ ಹೋದವು. ಸ್ವಲ್ಪ ಹೊತ್ತಿಗೆ ತೀರ್ಥಹಳ್ಳಿಯಿಂದ ಚಿಕ್ಕಮ್ಮನ ವಾಯ್ಸ್ ಮೆಸೇಜು: "ಎಂತ ಮಾರಾಯ, ಹಬ್ಬದ ದಿನ ಮಗೀಗೆ ದೆವ್ವದ ವೇಷ ಹಾಕ್ಸಿದೀಯಲ್ಲ! ಆ ದೇಶಕ್ಕೆ ಹೋಗಿ ನಮ್ದೆಲ್ಲ ಮರ್ತೇ ಹೋಯ್ತಾ?"

ಆ ಮಾತು ಚುಚ್ಚಿತು. ಯಾಕಂದ್ರೆ ಐರ್ಲೆಂಡಿನ ಈ ಹಬ್ಬ ಬಂದಾಗಲೆಲ್ಲ ನನಗೆ ನಮ್ಮೂರೇ ಕಣ್ಣಿಗೆ ಕಟ್ಟುತ್ತದೆ.

ಹ್ಯಾಲೋವೀನ್ ಅಂದ್ರೆ ಅಮೆರಿಕದ ಹಬ್ಬ ಅಂತ ಊರಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಅದರ ಬೇರು ಇರುವುದು ಈ ಕಡೆ. ಇಲ್ಲಿನ ಹಳೇ ಹೆಸರು ಸೌವಿನ್. ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳಿಗೆ ಇವತ್ತಿಗೂ ಅದೇ ಹೆಸರು. ಬೇಸಿಗೆ ಮುಗಿದು, ಗುಡ್ಡದ ಮೇಲೆ ಮೇಯುತ್ತಿದ್ದ ದನಗಳನ್ನು ಕೆಳಗೆ ಹೊಡೆದುಕೊಂಡು ಬರುವ ಕಾಲ. ಆ ರಾತ್ರಿ ಸತ್ತವರು ಮನೆಗೆ ಬರುತ್ತಾರೆ ಅಂತ ಒಲೆ ಆರಿಸದೆ, ಬಾಗಿಲಿಗೆ ಚಿಲಕ ಹಾಕದೆ, ಊಟ ಎತ್ತಿಟ್ಟು ಮಲಗುತ್ತಿದ್ದರಂತೆ. ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹೋದವರು ಹಬ್ಬವನ್ನೂ ಕಟ್ಟಿಕೊಂಡು ಹೋದರು. ಅಲ್ಲಿ ಅವರ ಕೈಗೆ ಕುಂಬಳಕಾಯಿ ಸಿಕ್ಕಿತು. ಇಲ್ಲಿ ಮೊದಲು ಮುಖ ಕೊರೆದು ಒಳಗೆ ದೀಪ ಇಡುತ್ತಿದ್ದುದು ಟರ್ನಿಪ್ ಗೆಡ್ಡೆಯಲ್ಲಿ.

ಒಂದು ವರ್ಷ ಪಕ್ಕದ ಮನೆಯ ಅಜ್ಜಿ ನಮ್ಮ ಅಡುಗೆಮನೆಯಲ್ಲೇ ಕೂತು ಮಗಳಿಗೆ ಅದನ್ನು ಕಲಿಸಿದರು. ಕಲ್ಲಿನ ಥರ ಗಟ್ಟಿ. ಚಮಚ ಬಗ್ಗಿಹೋಯಿತು, ಚಾಕು ಜಾರುತ್ತಿತ್ತು. ಒಂದೂವರೆ ತಾಸು ಕೆರೆದ ಮೇಲೆ ಎರಡು ಕಣ್ಣು, ನಾಲ್ಕು ಹಲ್ಲು ಬಂದವು. ಒಳಗೆ ಮೋಂಬತ್ತಿ ಇಟ್ಟಾಗ ಗೆಡ್ಡೆ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ನಿಜ ಹೇಳಬೇಕಂದ್ರೆ ಅಂಗಡಿಯ ಯಾವ ಮುಖವಾಡಕ್ಕಿಂತಲೂ ಅದೇ ಜಾಸ್ತಿ ಭಯ ಹುಟ್ಟಿಸುತ್ತಿತ್ತು, ಸುಕ್ಕುಗಟ್ಟಿದ ಮುದುಕನ ಮುಖದ ಹಾಗೆ.

ಆಮೇಲೆ ಅಜ್ಜಿ ತಮ್ಮಪ್ಪನ ಕತೆ ಹೇಳಿದರು. ಹಬ್ಬದ ರಾತ್ರಿ ಹುಡುಗರೆಲ್ಲ ಸೇರಿ ಬೇರೆಯವರ ಗೇಟು ಕಿತ್ತು ಹೊತ್ತೊಯ್ಯುವುದು, ಹಿತ್ತಲಿನ ಎಲೆಕೋಸು ಕದ್ದು ಬಾಗಿಲಿಗೆ ಎಸೆದು ಓಡುವುದು! ನಾನು ದೀಪಾವಳಿ ರಾತ್ರಿ ಬೂರೆ ಹಾಯುತ್ತಿದ್ದುದು, ಅಂದ್ರೆ ಹಬ್ಬದ ಹೆಸರಲ್ಲಿ ಊರವರ ಹಿತ್ತಲಲ್ಲಿ ಕದಿಯುತ್ತಿದ್ದುದು, ಪಟೇಲರ ಹಿತ್ತಲಿನ ಸೌತೆಕಾಯಿ, ಎಲ್ಲ ಹೇಳಿದೆ. ಅದೇ ದೀಪಾವಳಿಯಲ್ಲಿ ಅಂಟಿಗೆ ಪಿಂಟಿಗೆ ಹಾಡುವವರು ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಬರುವುದು, ನಾವು ದೀಪಕ್ಕೆ ಎಣ್ಣೆ ಎರೆದು ಅಕ್ಕಿ, ಕಾಸು, ಹೋಳಿಗೆ ಕೊಡುವುದು. ಅಜ್ಜಿಗೆ ಏನನ್ನೂ ಎರಡು ಸಲ ಹೇಳಬೇಕಾಗಲಿಲ್ಲ.

ಆದರೆ ಒಂದು ವಿಷಯದಲ್ಲಿ ಮಾತ್ರ ನಮಗೂ ಇವರಿಗೂ ಅಜಗಜಾಂತರ. ಇವರು ಭಯದ ಹಬ್ಬವನ್ನು ಮಕ್ಕಳ ಕೈಗೇ ಕೊಟ್ಟಿದ್ದಾರೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ಹೊತ್ತಿಗೆ "ಮಕ್ಕಳೆಲ್ಲ ಆಚೆ ನಡೀರಿ" ಅನ್ನುತ್ತಿದ್ದರು. ಎಡೆ ಇಟ್ಟು ಬಾಗಿಲು ಎಳೆದುಕೊಂಡು ದೊಡ್ಡವರೂ ಜಗಲಿಗೆ ಬರುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಬಾಗಿಲು ತಟ್ಟಿ ಒಳಗೆ ಹೋಗುತ್ತಿದ್ದ. ಖಾಲಿ ಕೋಣೆಯ ಬಾಗಿಲು ಯಾಕೆ ತಟ್ಟಬೇಕು? ಕೇಳಿದರೆ "ಸುಮ್ನಿರು". ಅಷ್ಟೇ ಉತ್ತರ. ಅದೇ ಇಲ್ಲಿ, 1937ರಿಂದ 1939ರವರೆಗೆ, ಶಾಲೆ ಮಕ್ಕಳ ಕೈಲೇ ಊರಿನ ಮುದುಕರು ಹೇಳುವ ಕತೆ, ಹಬ್ಬ, ದೆವ್ವ ಎಲ್ಲ ಬರೆಸಿದರು. ಸುಮಾರು 5,000 ಶಾಲೆಗಳು, 50,000ದಷ್ಟು ಮಕ್ಕಳು. ಆ ನೋಟ್‌ಬುಕ್ಕುಗಳು ಇವತ್ತಿಗೂ ಇವೆ, ಯಾರು ಬೇಕಾದರೂ ಓದಬಹುದು. ನಮ್ಮ ಮಲೆನಾಡಿನಲ್ಲಿ ಹಾಗೆ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಅಜ್ಜಿಯ ಮುಂದೆ ಕೂರಿಸಿದ್ದರೆ ಎಷ್ಟು ಉಳಿಯುತ್ತಿತ್ತು! ಅದು ಬಿಟ್ಟು ಈಗ ಹ್ಯಾಲೋವೀನ್ ಬೈಯುವ ಫಾರ್ವರ್ಡ್ ಕಳಿಸುತ್ತಾರೆ. ಕಳಿಸುವವರ ಎಷ್ಟು ಜನರ ಮಕ್ಕಳಿಗೆ ಅಂಟಿಗೆ ಪಿಂಟಿಗೆಯ ಒಂದು ಸಾಲು ಬರುತ್ತದೆ?

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ನಮ್ಮ ಬೀದಿಯಲ್ಲಿ ಆವತ್ತು ಬಾಗಿಲು ತೆರೆದವರಲ್ಲಿ ಸತ್ತವರನ್ನು ನೆನೆದವರು ನನಗೆ ಕಾಣಲಿಲ್ಲ. ಚಾಕೊಲೇಟ್ ಬುಟ್ಟಿ, ಪ್ಲಾಸ್ಟಿಕ್ ಜೇಡ, ಮುಗೀತು. ಪಕ್ಕದ ಮನೆ ಅಜ್ಜಿಯೇ, "ನಮಗೆ ಹಬ್ಬ ಉಳಿಯಿತು, ಬರುವವರು ಯಾರು ಅನ್ನೋದು ಮರೆತುಹೋಯಿತು" ಅಂದರು. ನಮ್ಮಪ್ಪ ಮುಚ್ಚಿದ ಬಾಗಿಲ ಹಿಂದೆ ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಿದ್ದ. ಅಜ್ಜನ ಬೀಡಿ ಕಟ್ಟು, ಅಜ್ಜಿಯ ಎಲೆ ಅಡಿಕೆ, ಯಾರದ್ದೂ ತಪ್ಪುತ್ತಿರಲಿಲ್ಲ. ನಾನು ಆಚೆ ಆಟ ಆಡುತ್ತಿದ್ದವನು, ಮೂರನೇ ತಲೆಮಾರಿನ ಹೆಸರೇ ನನಗೆ ಗೊತ್ತಿಲ್ಲ.

ಹೋದ ವಾರ ಚಿಕ್ಕಮ್ಮನಿಗೆ ಫೋನ್ ಮಾಡಿ ಅದನ್ನೇ ಕೇಳಿದೆ. ಒಂದು ಗಳಿಗೆ ಸುಮ್ಮನಾದರು. ಆಮೇಲೆ "ಮಗೀನ ಕರಿ, ಬರ್ಕಳ್ಳಲಿ" ಅಂದರು. ಮಗಳು ಶಾಲೆಯ ನೋಟ್‌ಬುಕ್ ತಂದು ಕೂತಳು. ಮುತ್ತಜ್ಜನಿಗೆ ಸುಟ್ಟ ಒಣಮೀನು, ಅಕ್ಕಿ ರೊಟ್ಟಿ. ಮುತ್ತಜ್ಜಿಗೆ ಹಲಸಿನ ಕಡುಬು, ತುಪ್ಪ ಜಾಸ್ತಿ ಇರಬೇಕು. ಬಾಣಂತನದಲ್ಲಿ ತೀರಿಕೊಂಡ ದೊಡ್ಡತ್ತೆಗೆ ಹಸಿರು ಬಳೆ.