ಹುಳಿ ಬಂದರೆ ಗೋಧಿಯ ಗ್ಲುಟೆನ್ ಹೋಗುತ್ತದಾ?

ನಮ್ಮ ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಗೋಧಿ ಹಿಟ್ಟನ್ನು ಒಂದಿಡೀ ದಿನ ಹುಳಿ ಬರಿಸಿ ಸೌರ್‌ಡೋ ಬ್ರೆಡ್ ಮಾಡಿದರೆ ಗ್ಲುಟೆನ್ (ಗೋಧಿ ಹಿಟ್ಟಿಗೆ ಅಂಟು ಕೊಡುವ ಪ್ರೋಟೀನ್) ಇರುವುದಿಲ್ಲ, ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ಕರುಳು ಕೆಡುವ ರೋಗ) ಇರುವವರೂ ತಿನ್ನಬಹುದು ಅಂತ. ಇದು ತಪ್ಪು, ಅಪಾಯದ ತಪ್ಪು. ಹುಳಿ ಬರಿಸುವ ಬ್ಯಾಕ್ಟೀರಿಯಾ ಗ್ಲುಟೆನನ್ನು ಸ್ವಲ್ಪ ಒಡೆಯುತ್ತವೆ, ನಿಜ. ಪೂರ್ತಿ ಅಲ್ಲ. ಗ್ಲುಟೆನ್ ಇಲ್ಲ ಅನ್ನಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು; ಮನೆಯ ಗೋಧಿ ಬ್ರೆಡ್ ಅಷ್ಟು ಕೆಳಗೆ ಇಳಿಯುವುದಿಲ್ಲ.

ಅಂಥವರಿಗೆ ಹಿಟ್ಟೇ ಬೇರೆ ಬೇಕು. ಬೆಳ್ತಿಗೆ ಅಕ್ಕಿ, ರಾಗಿ, ಜೋಳ ಸಾಕು, ಆದರೆ ಗೋಧಿ ಬೀಸುವ ಮಿಲ್ಲಿನಲ್ಲಿ ದಯವಿಟ್ಟು ಬೀಸಿಸಬೇಡಿ, ಅಲ್ಲಿಯ ಧೂಳೇ ಸಾಕು ಹೊಟ್ಟೆ ಕೆಡಲು. ಗ್ಲುಟೆನ್ ಬದಲು ಅಂಟಿಗೆ ಇಸಬ್ಗೋಲ್ ಹೊಟ್ಟು ನೆನೆಸಿ ಸೇರಿಸಿ. ಐದು ನಿಮಿಷದಲ್ಲಿ ಅದು ಲೋಳೆ ಲೋಳೆಯಾಗಿ ಚಮಚಕ್ಕೆ ಹಿಡಿದುಕೊಳ್ಳುತ್ತದೆ, ಹಿಟ್ಟಿನ ಗಾಳಿಗುಳ್ಳೆಗಳನ್ನು ಹಿಡಿದಿಡುವುದು ಅದೇ.

ಬ್ರೆಡ್ ಉಬ್ಬಿಸಲು ಎತ್ತಿಡುವ ಹುಳಿಹಿಟ್ಟನ್ನು ದಿನಾ ಅರ್ಧ ಚೆಲ್ಲಬೇಕು ಅಂತಲೂ ಆ ಸಂದೇಶದಲ್ಲಿದೆ. ಸುಮ್ನೆ ಯಾಕೆ ಚೆಲ್ಲೋದು, ದೋಸೆ ಹಿಟ್ಟನ್ನು ನಾವು ಚೆಲ್ಲುತ್ತೇವಾ? ಎರಡು ಚಮಚ ಫ್ರಿಜ್ಜಿನಲ್ಲಿಡಿ, ವಾರಕ್ಕೊಮ್ಮೆ ಹೊಸ ಹಿಟ್ಟು, ನೀರು ಕೊಡಿ. ಉಳಿದದ್ದಕ್ಕೆ ಉಪ್ಪು, ಕಾಯಿತುರಿ ಹಾಕಿ ಬಿಸಿ ಕಾವಲಿಗೆ ಹೊಯ್ದರೆ ಬೆಳಗಿನ ತಿಂಡಿ ಆಯಿತು.