ಭಾಗೀರತಮ್ಮನನ್ನು ಯಾರೂ ಮಾತಾಡಿಸಲಿಲ್ಲ

ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'ದ ಮಾತು ಬಂದರೆ ಸಾಕು, ಕಾತ್ಯಾಯನಿ ಮಾಡಿದ್ದು ಸರಿಯೋ ತಪ್ಪೋ ಅನ್ನುವ ವಾದ ಶುರುವಾಗುತ್ತದೆ. ವಿಧವೆಯ ಮರುಮದುವೆ, ಧರ್ಮ, ಸಂಪ್ರದಾಯ. 1965ರಲ್ಲಿ ಬಂದ ಕಾದಂಬರಿ, ಇವತ್ತಿಗೂ ಅದೇ ಜಗಳ. 2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ಇಲ್ಲೇ ಬೆಂಗಳೂರಿನಲ್ಲಿ ತೀರಿಕೊಂಡ ಮೇಲೆ ನಾನೂ ಅದನ್ನು ಮತ್ತೆ ಓದಿದೆ. ಈ ಸಲ ನನ್ನನ್ನು ಹಿಡಿದು ಕೂರಿಸಿದ್ದು ಕಾತ್ಯಾಯನಿಯ ಮೊದಲ ಗಂಡ ನಂಜುಂಡನ ಸಾವು.

ನಂಜುಂಡ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ಒಬ್ಬನೇ ಮಗ. ಅವನನ್ನು ಹೆತ್ತ ಮೇಲೆ, ಇನ್ನೊಂದು ಹೆರಿಗೆಯಾದರೆ ತಾಯಿ ಭಾಗೀರತಮ್ಮನ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿರುತ್ತಾರೆ. ಗಂಡ ಹೆಂಡತಿ ಇಬ್ಬರೂ ಅದಕ್ಕೆ ತಕ್ಕಂತೆ ಬದುಕಿದವರು. ಅಂಥ ಮಗ ಕಪಿಲೆಯಲ್ಲಿ ಮುಳುಗಿ ಹೋಗುತ್ತಾನೆ. ಆಮೇಲೂ ಅವರು ಸಂಸಾರ ಮಾಡಬೇಕಾದದ್ದು ಅದೇ ಊರಿನಲ್ಲಿ, ಅದೇ ಹೊಳೆಯ ಪಕ್ಕದಲ್ಲಿ.

ಆ ಮನೆಯಲ್ಲಿ ಮೂವರೂ ಒಬ್ಬನಿಗಾಗಿಯೇ ಅಳುವವರು, ಆದರೆ ಒಟ್ಟಿಗೆ ಕೂತು ಅಳುವುದಿಲ್ಲ. ಅವನು ಬಿಟ್ಟುಹೋದ ಜಾಗಕ್ಕೆ ಒಬ್ಬೊಬ್ಬರೂ ಒಂದೊಂದನ್ನು ತಂದಿಡುತ್ತಾರೆ. ಕಾತ್ಯಾಯನಿ ಗಂಡನ ಅರ್ಧಕ್ಕೆ ನಿಂತ ಬಿ.ಎ.ಯನ್ನು ತಾನು ಮುಗಿಸುತ್ತೇನೆಂದು ಮೈಸೂರಿನ ಕಾಲೇಜಿಗೆ ಹೊರಡುತ್ತಾಳೆ. ಶ್ರೋತ್ರಿಯರಿಗೆ ಶಾಸ್ತ್ರ ಇದೆ, ಪೂಜೆ ಇದೆ. ಭಾಗೀರತಮ್ಮನಿಗೆ ಮೊಮ್ಮಗ ಚೀನಿ. ಇದರಲ್ಲಿ ಹೆಚ್ಚು ಭಾರ ಬಿದ್ದದ್ದು ಆ ಕೂಸಿನ ಮೇಲೆ. ಅಪ್ಪನ ಜಾಗ, ವಂಶದ ಜಾಗ, ಎರಡನ್ನೂ ಅದು ತೊಟ್ಟಿಲಲ್ಲಿರುವಾಗಲೇ ಅದರ ತಲೆಗೆ ಕಟ್ಟಿದರು. ಕಾಲೇಜಿನ ಅಧ್ಯಾಪಕ ರಾಜನನ್ನು ಮದುವೆಯಾದ ಕಾತ್ಯಾಯನಿ ಮಗುವನ್ನು ಕರೆದುಕೊಂಡು ಹೋಗಲು ಬರುತ್ತಾಳಲ್ಲ, ಆ ಭಾಗವನ್ನು ಹಕ್ಕಿನ ಪ್ರಶ್ನೆಯಾಗಿ ಓದಲು ನನಗೆ ಈಗ ಆಗುವುದಿಲ್ಲ. ಚೀನಿ ಹೊರಟರೆ ಆ ಮನೆಯಲ್ಲಿ ನಂಜುಂಡ ಇನ್ನೊಮ್ಮೆ ಸಾಯುತ್ತಾನೆ. ಅದು ಅವಳಿಗೂ ಗೊತ್ತು. ಬರಿಗೈಲಿ ವಾಪಸ್ ಹೋಗುತ್ತಾಳೆ.

ಹನುಮಂತನಗರದ ನಮ್ಮ ಬೀದಿಯಲ್ಲಿ ಒಬ್ಬರು ಆಂಟಿ ಬೈಕ್ ಅಪಘಾತದಲ್ಲಿ ದೊಡ್ಡ ಮಗನನ್ನು ಕಳೆದುಕೊಂಡರು. ವೈಕುಂಠ ಸಮಾರಾಧನೆಯ ದಿನ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಇನ್ನೊಬ್ಬ ಇದ್ದಾನಲ್ಲ, ಅವನ ಮುಖ ನೋಡ್ಕೊಂಡು ಸಮಾಧಾನ ಮಾಡ್ಕೊಳ್ಳಿ." ಆ ಇನ್ನೊಬ್ಬ ಅಲ್ಲೇ ಎಲೆ ಹಾಕುತ್ತಿದ್ದ. ಅವನೂ ಅಣ್ಣನನ್ನು ಕಳೆದುಕೊಂಡವನು ಅನ್ನುವುದು ಯಾರ ಬಾಯಲ್ಲೂ ಬರಲಿಲ್ಲ. ವಾಟ್ಸಾಪಿನಲ್ಲಿ ಓಂ ಶಾಂತಿಗಳು ಬಂದವು, ನಿಂತವು. ಆಮೇಲೆ ಬೀದಿಯಲ್ಲಿ ಆ ಹುಡುಗನ ಹೆಸರೇ ಇಲ್ಲ. ಪಾಪ, ಅವರಿಗೆ ಯಾಕೆ ನೆನಪು ಮಾಡೋದು ಅಂತ. ಮರೆತಿದ್ದರೆ ತಾನೆ ನೆನಪು ಮಾಡಬೇಕು! ಒಂದು ಸಂಜೆ ಆಂಟಿಯೇ ಹೇಳಿದರು: "ಅವನ ಹೆಸರು ಯಾರಾದ್ರೂ ಹೇಳಿದ್ರೆ ಹಿತವಾಗಿರತ್ತೆ ಕಣೇ. ಯಾರೂ ಹೇಳೋದೇ ಇಲ್ಲ."

ಅಮೆರಿಕದ ಮನೋವೈದ್ಯರು ತಮ್ಮ ಕಾಯಿಲೆಗಳ ಕೈಪಿಡಿಗೆ 2022ರಲ್ಲಿ, ವರ್ಷ ಕಳೆದರೂ ಬದುಕನ್ನೇ ನಿಲ್ಲಿಸಿಬಿಡುವಂಥ ದುಃಖವನ್ನೂ ಸೇರಿಸಿದ್ದಾರೆ. ನೆರವು ಬೇಕಾದವರು ಖಂಡಿತ ತೆಗೆದುಕೊಳ್ಳಲಿ. ನಮ್ಮೂರಲ್ಲೇ ನಿಮ್ಹಾನ್ಸ್ ಇದೆ, ಟೆಲಿ ಮಾನಸ್‌ನ ಸಹಾಯವಾಣಿ 14416 ಇದೆ. ಆದರೆ ದಿನವೂ ಎದ್ದು ಹಾಲು ಕಾಯಿಸಿ, ಸೊಪ್ಪು ತಂದು, ಮದುವೆ ಮುಂಜಿಗೂ ಹೋಗಿ ಬರುವವರ ಒಳಗಿನ ಸಂಕಟಕ್ಕೆ ಡಾಕ್ಟರಿಗಿಂತ ಮೊದಲು ನಾವು ಬೇಕು. ಅಕ್ಕಪಕ್ಕದವರು, ಬಂಧುಗಳು.

ಭಾಗೀರತಮ್ಮನಿಗೆ ಅಂಥವರು ಯಾರಿದ್ದರು? ಓದುಗರಾದ ನಾವೂ ಅವಳನ್ನು ಸೊಸೆಯ ಓದಿಗೆ ಅಡ್ಡ ಬಂದ ಅತ್ತೆ ಎಂದು ಬದಿಗೆ ಸರಿಸಿಬಿಟ್ಟಿದ್ದೇವೆ. ಅವಳ ಬಿಗಿ, ಸಿಟ್ಟು, ಮೊಮ್ಮಗನನ್ನು ಅವುಚಿಕೊಳ್ಳುವ ಪರಿ, ಎಲ್ಲವೂ ಮಗ ಹೋದ ತಾಯಿಯದು ಎಂದುಕೊಂಡು ಒಮ್ಮೆ ಓದಿ ನೋಡಿ. ಬಾಲ್ಯದಲ್ಲೇ ಪ್ಲೇಗಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಲೇಖಕರಿಗೆ ಸಾವು ಹೊಕ್ಕ ಮನೆಯ ಒಳಗು ಗೊತ್ತಿತ್ತು ಎಂದೇ ನನ್ನ ನಂಬಿಕೆ.

ಹಾಗೆಂದು ಎಲ್ಲವನ್ನೂ ಒಪ್ಪುತ್ತೇನೆಂದಲ್ಲ. ಕಾತ್ಯಾಯನಿಗೆ ಮತ್ತೆ ಮತ್ತೆ ಗರ್ಭಪಾತವಾಗಿ ಅವಳು ಸವೆದು ಹೋಗುವುದನ್ನು ತಪ್ಪಿಗೆ ಶಿಕ್ಷೆ ಎಂಬಂತೆ ಓದುವವರಿದ್ದಾರೆ, ಕಾದಂಬರಿಯೂ ಅಂಥ ಓದಿಗೆ ಬಾಗಿಲು ತೆರೆದಿಟ್ಟಿದೆ. ಅದು ನನಗೆ ಸಿಟ್ಟು ತರಿಸುತ್ತದೆ. ಕೊನೆಗೆ ಸಾಯುತ್ತಿರುವ ಅವಳ ಬಳಿಗೆ ಶ್ರೋತ್ರಿಯರೇ ಚೀನಿಯನ್ನು ಸೇರಿಸುವ ಹೊತ್ತಿಗೆ ತಾಯಿ ಮಗ ಕೂತು ಮಾತಾಡುವ ಕಾಲ ಮೀರಿರುತ್ತದೆ. ಆ ವರ್ಷಗಳು ಹಾಳಾದದ್ದಕ್ಕೆ ಅವಳೊಬ್ಬಳನ್ನೇ ಹೊಣೆ ಮಾಡುವವರ ಜೊತೆ ನಾನು ವಾದಕ್ಕೆ ಸಿದ್ಧ.